ಉಡುಗೊರೆಯ ಹೊದಿಕೆಯೂ ಉಪಯೋಗಕ್ಕೆ ಬರಲಿ: ಕಾಫಿ ತೋಟದ ಮನೆಗಳಿಗೆ ಕೆಲವು ದಾರಿಗಳು

ಕ್ರಿಸ್ಮಸ್, ಪ್ರಥಮ ಪರಮಪ್ರಸಾದ, ಮದುವೆ, ಧರ್ಮಕೇಂದ್ರದ ವಾರ್ಷಿಕ ಹಬ್ಬ - ಉಡುಗೊರೆ ಕೊಡುವ ಸಂದರ್ಭಗಳು ನಮ್ಮಲ್ಲಿ ಕಡಿಮೆಯೇನಲ್ಲ. ಕರಾವಳಿಯಿಂದ ಚಾರ್ಮಾಡಿ ಘಾಟಿ ಹತ್ತಿ ಮೂಡಿಗೆರೆ, ಕಳಸ, ಚಿಕ್ಕಮಗಳೂರಿನ ನೆಂಟರ ಮನೆಗಳಿಗೆ ಕುಸ್ವಾರ್ ಹೋಗುತ್ತದೆ. ಅಲ್ಲಿಂದ ಕಾಫಿ ಪುಡಿ, ಕಾಳುಮೆಣಸು, ಜೇನುತುಪ್ಪ ಕೆಳಗಿಳಿದು ಬರುತ್ತದೆ. ಇವುಗಳ ಮೇಲೆ ಸುತ್ತಿದ ಮಿನುಗು ಕಾಗದದ ಆಯುಸ್ಸು ಮಾತ್ರ ಒಂದೇ ದಿನ.

ಆಮೇಲೆ ಅದು ಎಲ್ಲಿಗೆ ಹೋಗುತ್ತದೆ? ಪೇಟೆಯಲ್ಲಾದರೆ ಕಸದ ಗಾಡಿ ಬರುತ್ತದೆ. ದೂರದೂರ ಚದುರಿರುವ ತೋಟದ ಮನೆಗಳಲ್ಲಿ ಮತ್ತು ಲೈನ್ ಮನೆಗಳಲ್ಲಿ ಹೆಚ್ಚಾಗಿ ಬಚ್ಚಲೊಲೆಗೆ, ಇಲ್ಲವೇ ಹಳ್ಳದ ಬದಿಗೆ. ಕಳಸದ ಬಳಿ ಹರಿಯುವ ಭದ್ರಾ, ಮೂಡಿಗೆರೆ ತಾಲೂಕಿನಲ್ಲಿ ಹುಟ್ಟುವ ಹೇಮಾವತಿ, ಮಂಗಳೂರಿಗೆ ನೀರು ಕೊಡುವ ನೇತ್ರಾವತಿ ಎಲ್ಲವೂ ಈ ಬೆಟ್ಟಸಾಲಿನವೇ. ಮಿನುಗು ಕಾಗದದಲ್ಲಿ ಪ್ಲಾಸ್ಟಿಕ್ ಪದರ ಇದೆಯೇ ಎಂದು ತಿಳಿಯಲು ಅದನ್ನು ಮುಷ್ಟಿಯಲ್ಲಿ ಹಿಚುಕಿ ಬಿಡಿ. ಮುದ್ದೆಯಾಗಿಯೇ ಉಳಿದರೆ ಬಹುಪಾಲು ಕಾಗದ, ಮತ್ತೆ ಬಿಚ್ಚಿಕೊಂಡರೆ ಪ್ಲಾಸ್ಟಿಕ್. ಎರಡನೆಯದನ್ನು ಸುಟ್ಟರೆ ಹೊಗೆ ಮನೆಯವರ ಶ್ವಾಸಕೋಶಕ್ಕೇ ಸೇರುತ್ತದೆ. ಜುಲೈ 1, 2022ರಿಂದ ದೇಶದಲ್ಲಿ ಜಾರಿಗೆ ಬಂದ ಏಕಬಳಕೆ ಪ್ಲಾಸ್ಟಿಕ್ ನಿಷೇಧದ ಪಟ್ಟಿಯಲ್ಲಿ ಸಿಹಿತಿಂಡಿ ಪೆಟ್ಟಿಗೆ ಹಾಗೂ ಆಮಂತ್ರಣ ಪತ್ರಿಕೆಗಳ ಮೇಲೆ ಸುತ್ತುವ ತೆಳು ಹಾಳೆಯೂ ಸೇರಿದೆ. ಬಳಸಿ ಬಿಸಾಡುವ ಸಂಸ್ಕೃತಿಯ ಬಗ್ಗೆ ಪೋಪ್ ಫ್ರಾನ್ಸಿಸ್ ಅವರು 2015ರ 'ಲೌದಾತೊ ಸಿ' ವಿಶ್ವಪತ್ರದಲ್ಲಿ ಎಚ್ಚರಿಸಿದ್ದನ್ನೂ ನಾವು ಬಲ್ಲೆವು.

ಎಲ್ಲಕ್ಕಿಂತ ಸುಲಭದ ಹೊದಿಕೆ ಬಟ್ಟೆ. ಇದು ಹೊಸತಲ್ಲ, ನಮ್ಮ ಬುತ್ತಿಗಂಟೇ. ಜಪಾನಿನಲ್ಲಿ ಇದಕ್ಕೆ ಫುರೋಶಿಕಿ ಎಂದು ಹೆಸರು. 2006ರಲ್ಲಿ ಅಲ್ಲಿನ ಪರಿಸರ ಸಚಿವೆ ಯುರಿಕೊ ಕೊಯಿಕೆ ಪ್ಲಾಸ್ಟಿಕ್ ಚೀಲಗಳ ಬಳಕೆ ತಗ್ಗಿಸಲು ಇದನ್ನೇ ಮತ್ತೆ ಪ್ರಚಾರಕ್ಕೆ ತಂದರು. ಲೆಕ್ಕ ಸರಳವಾಗಿದೆ: ಚೌಕದ ಬಟ್ಟೆಯ ಮೂಲೆಯಿಂದ ಎದುರು ಮೂಲೆಗಿರುವ ಅಳತೆಯ ಮೂರನೇ ಒಂದು ಭಾಗದಷ್ಟು ಉದ್ದದ ಪೆಟ್ಟಿಗೆ ಅದರಲ್ಲಿ ಹಿಡಿಯುತ್ತದೆ. ಐದೂವರೆ ಮೀಟರಿನ ಹಳೆಯ ಹತ್ತಿ ಸೀರೆಯಿಂದ, ಅಗಲ 110 ಸೆಂಟಿಮೀಟರ್ ಇದ್ದರೆ, 55 ಸೆಂಟಿಮೀಟರಿನ 20 ಚೌಕಗಳು ಸಿಗುತ್ತವೆ. ಅಂಚು ಹೊಲಿದರೆ ಅಳತೆ ತುಸು ತಗ್ಗುತ್ತದೆ. ಇಂಥ ಒಂದು ಚೌಕದಲ್ಲಿ 25 ಸೆಂಟಿಮೀಟರ್ ಉದ್ದದ ಕುಸ್ವಾರ್ ಪೆಟ್ಟಿಗೆಯನ್ನು ಕಟ್ಟಬಹುದು.

ಪೆಟ್ಟಿಗೆಯನ್ನು ಬಟ್ಟೆಯ ನಡುವೆ ಓರೆಯಾಗಿ ಇಡಿ. ಎದುರುಬದುರಿನ ಎರಡು ಮೂಲೆಗಳನ್ನು ಅದರ ಮೇಲೆ ಮಡಚಿ, ಉಳಿದ ಎರಡನ್ನು ಮೇಲಕ್ಕೆ ತಂದು ಗಂಟು ಹಾಕಿ. ಮೊದಲು ಎಡದ ಮೇಲೆ ಬಲ, ನಂತರ ಬಲದ ಮೇಲೆ ಎಡ ಹಾಕಿದರೆ ಗಂಟು ಜಾರುವುದಿಲ್ಲ, ಬಿಚ್ಚುವುದೂ ಸುಲಭ. ಜೇನಿನ ಬಾಟಲಿಯಾದರೆ ನಡುವೆ ನಿಲ್ಲಿಸಿ, ಎರಡು ಮೂಲೆಗಳನ್ನು ಕತ್ತಿನ ಮೇಲೆ ಕಟ್ಟಿ, ಇನ್ನೆರಡನ್ನು ಸುತ್ತ ತಂದು ಮುಂದೆ ಕಟ್ಟಬೇಕು. ಕತ್ತರಿಸುವ ಮನಸ್ಸಿಲ್ಲದಿದ್ದರೆ ಹೊಸ ಬೈರಾಸೊಂದರಲ್ಲೇ ಸುತ್ತಿ ಕೊಡಿ, ಹೊದಿಕೆಯೇ ಎರಡನೇ ಉಡುಗೊರೆಯಾಗುತ್ತದೆ. ಪ್ರಥಮ ಪರಮಪ್ರಸಾದದ ಮಗುವಿಗೆ ಬೈಬಲ್ ಅಥವಾ ಜಪಸರ ಕೊಡುವಾಗ ಅಂಚು ಹೊಲಿದ ಬಿಳಿ ಬಟ್ಟೆ ಬಳಸಿದರೆ ಮುಂದೆ ಅದು ಮನೆಯ ದೇವರ ಪೀಠಕ್ಕೆ ಹಾಸಾಗುತ್ತದೆ. ಮರಿಯಮ್ಮನವರು ಬಾಲಯೇಸುವನ್ನು ಸುತ್ತಿದ್ದೂ ಬಟ್ಟೆಯಲ್ಲೇ ಅಲ್ಲವೇ?

ಕಾಫಿ ಪುಡಿಗೆ ಬಟ್ಟೆಯೊಂದೇ ಸಾಲದು, ಪರಿಮಳ ಹಾರಿಹೋಗುತ್ತದೆ. ಬಿಗಿ ಮುಚ್ಚಳದ ಸ್ಟೀಲ್ ಡಬ್ಬ ಅಥವಾ ಹಳೆಯ ಹಾರ್ಲಿಕ್ಸ್ ಬಾಟಲಿಯಲ್ಲಿ ತುಂಬಿ ಮೇಲೆ ಬಟ್ಟೆ ಕಟ್ಟಿ. ಡಬ್ಬವನ್ನು ಖಾಲಿ ಹಿಂದಿರುಗಿಸಬಾರದೆಂಬ ನಮ್ಮ ಹಿರಿಯರ ಪದ್ಧತಿಯಿಂದ ಅದು ವರ್ಷಕ್ಕೆ ನಾಲ್ಕು ಸಲ ಘಾಟಿ ಹತ್ತಿ ಇಳಿದರೂ ಆಶ್ಚರ್ಯವಿಲ್ಲ!

ತೋಟದ ಗೋಣಿಚೀಲವನ್ನು ತೊಳೆದು, ಬಿಸಿಲಿಗೆ ಒಣಗಿಸಿ, ಒಳಗೆ ಹತ್ತಿಬಟ್ಟೆ ಕೊಟ್ಟು ಹೊಲಿದರೆ ಗಟ್ಟಿ ಉಡುಗೊರೆ ಚೀಲ ಸಿದ್ಧ. ಆದರೆ ಗೊಬ್ಬರ, ಕೀಟನಾಶಕ ತುಂಬಿದ ಚೀಲವನ್ನು ಎಷ್ಟು ತೊಳೆದರೂ ಈ ಕೆಲಸಕ್ಕೆ ಮುಟ್ಟಬೇಡಿ. ಅಡಿಕೆ ಹಾಳೆ ಇನ್ನೂ ಒಳ್ಳೆಯದು. ಕರಾವಳಿಯವರಿಗೆ ಮುಟ್ಟಾಳೆಯಿಂದ ಅದರ ಪರಿಚಯವಿದೆ. ನೀರಿನಲ್ಲಿ ನೆನೆಸಿ ಮೆತ್ತಗಾದ ಮೇಲೆ ಮಡಚಿ, ಮೂಲೆಗಳನ್ನು ಹೊಲಿದು, ಭಾರ ಹೇರಿ ಒಣಗಿಸಿದರೆ ತಟ್ಟೆಯಂತೆ ನಿಲ್ಲುತ್ತದೆ. ಪೂರ್ತಿ ಒಣಗದಿದ್ದರೆ ಮಲೆನಾಡಿನ ತೇವಕ್ಕೆ ಬೂಷ್ಟು ಹಿಡಿಯುತ್ತದೆ. ಕಟ್ಟಲು ಬಾಳೆನಾರು, ಅಲಂಕಾರಕ್ಕೆ ಸಿಲ್ವರ್ ಓಕ್ ಎಲೆ - ಅದರ ಅಡಿಭಾಗದ ಬೆಳ್ಳಿಬಣ್ಣ ಅಂಗಡಿಯ ಜರಿ ಕಾಗದಕ್ಕೇನೂ ಕಡಿಮೆಯಿಲ್ಲ. ಪುಸ್ತಕಕ್ಕೆ ಹಳೆಯ ಪತ್ರಿಕೆ ಸಾಕು, ತಿಂಡಿಗೆ ಮಾತ್ರ ಬೇಡ. ಮುದ್ರಣದ ಶಾಯಿ ಆಹಾರಕ್ಕೆ ಅಂಟುತ್ತದೆ. ಹೆಸರಿನ ಚೀಟಿಗೆ ಕಳೆದ ವರ್ಷದ ಕ್ರಿಸ್ಮಸ್ ಕಾರ್ಡ್ ಕತ್ತರಿಸಬಹುದು, ಸಂತರ ಚಿತ್ರಕ್ಕೆ ಕತ್ತರಿ ತಾಗದಂತೆ ನೋಡಿಕೊಂಡರಾಯಿತು.

ಚರ್ಚಿನ ಕಾರ್ಯಕರ್ತರಲ್ಲಿ ನಮ್ಮ ವಿಶೇಷ ವಿನಂತಿಯೊಂದಿದೆ. ಕ್ರಿಸ್ಮಸ್ ಕಾರ್ಯಕ್ರಮದಲ್ಲಿ ಮಕ್ಕಳು ಉಡುಗೊರೆ ವಿನಿಮಯ ಮಾಡಿಕೊಳ್ಳುವಾಗ ಒಬ್ಬರ ಕೈಯಲ್ಲಿ ಮಂಗಳೂರಿನ ಅಂಗಡಿಯ ರಿಬ್ಬನ್ ಕಟ್ಟಿದ ದೊಡ್ಡ ಪೆಟ್ಟಿಗೆ, ಲೈನ್ ಮನೆಯ ಮಗುವಿನ ಕೈಯಲ್ಲಿ ಪತ್ರಿಕೆಯಲ್ಲಿ ಸುತ್ತಿದ ಪೆನ್ಸಿಲ್ ಡಬ್ಬ. ತೆರೆಯುವ ಮೊದಲೇ ಯಾರದು ಯಾವುದೆಂದು ಎಲ್ಲರಿಗೂ ಗೊತ್ತಾಗುತ್ತದೆ. ಎಲ್ಲರಿಗೂ ಒಂದೇ ಅಳತೆಯ, ಒಂದೇ ಬಟ್ಟೆಯ ಚೀಲಗಳನ್ನು ಧರ್ಮಕೇಂದ್ರವೇ ಮುಂಚಿತವಾಗಿ ಹಂಚಿದರೆ ಈ ಮುಜುಗರ ತಪ್ಪುತ್ತದೆ. ಚೀಲಗಳನ್ನು ಹಿಂದೆ ಪಡೆದು ತೊಳೆದಿಟ್ಟರೆ ಮುಂದಿನ ವರ್ಷಕ್ಕೂ ಆಗುತ್ತವೆ. ಆದರೆ ಸಂತ ವಿನ್ಸೆಂಟ್ ದೆ ಪಾವ್ಲ್ ಸಭೆಯ ಮೂಲಕ ಬಡ ಕುಟುಂಬಗಳಿಗೆ ಕೊಡುವ ಕಿಟ್ ಬೇರೆ ವಿಷಯ. ಅದರ ಚೀಲವನ್ನು ಹಿಂದಕ್ಕೆ ಕೇಳಬಾರದು, ಹರಿದ ಬಟ್ಟೆಯದನ್ನು ಕೊಡಲೂಬಾರದು. ನಮ್ಮ ಮನೆಗೆ ಬಂದರೆ ನಾವು ಇಟ್ಟುಕೊಳ್ಳುವಂಥದ್ದೇ ಅವರಿಗೂ ಹೋಗಲಿ.

ಅರೇಬಿಕಾ ಕೊಯ್ಲು ನವೆಂಬರಿನಿಂದ ಜನವರಿಯವರೆಗೆ ಇರುವುದರಿಂದ ಡಿಸೆಂಬರಿನಲ್ಲಿ ತೋಟದ ಮನೆಗಳಲ್ಲಿ ಯಾರಿಗೂ ಬಿಡುವಿಲ್ಲ. ಆದ್ದರಿಂದ ಬಟ್ಟೆ ಕತ್ತರಿಸಿ ಹೊಲಿಯುವ ಕೆಲಸವನ್ನು ಸ್ತ್ರೀ ಸಂಘಟನೆ, ಯುವಜನರು ಮಳೆಗಾಲದಲ್ಲೇ ಮುಗಿಸುವುದು ಸೂಕ್ತ. ಹಾಳೆ, ಗೋಣಿಗಳನ್ನು ಮಳೆ ನಿಂತು ಬಿಸಿಲು ಬಿದ್ದ ಮೇಲೆ ಒಣಗಿಸಿಕೊಳ್ಳಬಹುದು.