ಗೌರಮ್ಮ, ಕೊಡಗಿನ (1912–1939)

ಕನ್ನಡ ಸಣ್ಣಕತೆಗಾರ್ತಿ. ಹುಟ್ಟಿದ್ದು ಮಡಿಕೇರಿಯಲ್ಲಿ. ಪತಿ ಬಿ.ಟಿ. ಗೋಪಾಲಕೃಷ್ಣ ಶುಂಠಿಕೊಪ್ಪದ ಬಳಿ ಕಾಫಿ ತೋಟವೊಂದರಲ್ಲಿ ಕೆಲಸದಲ್ಲಿದ್ದರು. ಹೆಂಗಸು ಕತೆ ಬರೆಯುವುದೇ ಅಪರೂಪವಾಗಿದ್ದ ಕಾಲದಲ್ಲಿ ಇವರು ಬಳಸಿದ ಅಂಕಿತ ‘ಮಿಸೆಸ್ ಬಿ.ಟಿ.ಜಿ. ಕೃಷ್ಣ’. ಗಂಡನ ಹೆಸರಿನ ಮರೆಯಲ್ಲಿ ನಿಂತು ಬರೆದ ಮಾತ್ರಕ್ಕೆ ಸಂಕೋಚದ ಲೇಖಕಿ ಎಂದುಕೊಳ್ಳುವಂತಿಲ್ಲ. 1934ರಲ್ಲಿ ಗಾಂಧೀಜಿ ಕೊಡಗಿಗೆ ಬಂದಾಗ, ಅವರು ತಮ್ಮ ಮನೆಗೂ ಬರಬೇಕೆಂದು ಉಪವಾಸ ಕೂತು ಹಟ ಸಾಧಿಸಿದರು. ಮೈಮೇಲಿನ ಒಡವೆಗಳನ್ನು ಹರಿಜನ ನಿಧಿಗೆ ಕೊಟ್ಟರು. ಕತೆಗಳಲ್ಲೂ ಅದೇ ಗಟ್ಟಿತನ. ‘ವಾಣಿಯ ಸಮಸ್ಯೆ’, ‘ಅಪರಾಧಿ ಯಾರು?’ ಮುಂತಾದವು ವಿಧವೆಯ ಬಯಕೆಯನ್ನೂ ಸಮಾಜದ ಇಬ್ಬಗೆಯ ನೀತಿಯನ್ನೂ ಉಪದೇಶಕ್ಕಿಳಿಯದೆ ಎದುರಿಗಿಡುತ್ತವೆ. ಕತೆಯ ಕಟ್ಟು ಅಲ್ಲಲ್ಲಿ ಸಡಿಲ, ಆಕಸ್ಮಿಕಗಳು ಹೆಚ್ಚು. ಆದರೆ ಹೆಣ್ಣಿನ ಒಳಗುದಿಯನ್ನು ಹಿಡಿಯುವಲ್ಲಿ ಆ ತಲೆಮಾರಿನ ಅನೇಕ ಹೆಸರಾಂತ ಗಂಡಸರಿಗಿಂತ ಇವರು ಮುಂದೆ.

ನದಿಯಲ್ಲಿ ಈಜುವಾಗ ಮುಳುಗಿ ತೀರಿಕೊಂಡಾಗ ವಯಸ್ಸು ಇನ್ನೂ 27. ‘ಕಂಬನಿ’, ‘ಚಿಗುರು’ ಸಂಕಲನಗಳು ಹೊರಬಂದದ್ದು ಆನಂತರ. ಓದುಗರು ಉಳಿಸಿಕೊಂಡದ್ದು ಮಿಸೆಸ್ ಕೃಷ್ಣರನ್ನಲ್ಲ, ಕೊಡಗಿನ ಗೌರಮ್ಮನನ್ನು. ಇವರ ಕತೆಗಳಿಗೆ ದೀಪಾ ಭಾಸ್ತಿ ಮಾಡಿದ ಇಂಗ್ಲಿಷ್ ಅನುವಾದ 2023ರಲ್ಲಿ ಪ್ರಕಟವಾಯಿತು.