ಪ್ಯಾರಡಾಕ್ಸ್ ಪ್ರಶ್ನೆ: ಎರಡೂ ಮಾತು ನಿಜವಾಗಿರುವಾಗ ಸರಿ ಉತ್ತರ ಗುರುತಿಸುವುದು ಹೇಗೆ?

ಊರಿನಿಂದ ಫೋನ್ ಬರುತ್ತದೆ: 'ಈ ಸಲ ಮಳೆ ಚೆನ್ನಾಗಿ ಬಂದರೂ ಕೆರೆ ತುಂಬಲಿಲ್ಲ.' ಕೇಳಿದವರು ಮಳೆ ಬಂದದ್ದನ್ನು ಅನುಮಾನಿಸುವುದಿಲ್ಲ. ಕೆರೆ ಖಾಲಿ ಇರುವುದನ್ನೂ ಅಲ್ಲಗಳೆಯುವುದಿಲ್ಲ. 'ಯಾಕೆ, ಕಾಲುವೆಯಲ್ಲಿ ಹೂಳು ತುಂಬಿದೆಯಾ? ತೂಬು ಸೋರುತ್ತಿದೆಯಾ?' ಎಂದು ಕೇಳುತ್ತಾರೆ. ಎರಡೂ ಮಾತನ್ನು ಒಪ್ಪಿಕೊಂಡು, ನಡುವೆ ಕಾಣದೆ ಉಳಿದ ಮೂರನೇ ಸಂಗತಿಯನ್ನು ಹುಡುಕುತ್ತಾರೆ.

ಪ್ರವೇಶ ಪರೀಕ್ಷೆಗಳ ಕ್ರಿಟಿಕಲ್ ರೀಸನಿಂಗ್ ಭಾಗದಲ್ಲಿ ಬರುವ ಪ್ಯಾರಡಾಕ್ಸ್ ಪ್ರಶ್ನೆಗಳು ಕೇಳುವುದೂ ಇದನ್ನೇ. ಮನೆಮಾತಿನಲ್ಲಿ ಸಲೀಸಾಗಿ ಮಾಡುವ ಈ ಕೆಲಸದಲ್ಲಿ ಪರೀಕ್ಷಾ ಕೊಠಡಿಯಲ್ಲಿ ಹಲವರು ಎಡವುತ್ತಾರೆ. ಇಂಗ್ಲಿಷ್ ಕಷ್ಟ ಎಂಬುದೊಂದೇ ಇದಕ್ಕೆ ಕಾರಣವಲ್ಲ. ಕೊಟ್ಟ ಸಂಗತಿಯ ಜತೆಗೇ ವಾದಕ್ಕಿಳಿಯುವುದು, ಅರ್ಧ ಉತ್ತರಕ್ಕೆ ತೃಪ್ತಿಪಡುವುದು ಮುಖ್ಯ ಕಾರಣಗಳು. ಎರಡನ್ನೂ ಅಭ್ಯಾಸದಿಂದ ತಿದ್ದಿಕೊಳ್ಳಬಹುದು.

ಏನಿದು ಪ್ಯಾರಡಾಕ್ಸ್ ಪ್ರಶ್ನೆ?

ಚಿಕ್ಕ ಪ್ಯಾರಾವೊಂದರಲ್ಲಿ ಎರಡು ಸಂಗತಿಗಳಿರುತ್ತವೆ. ಮೇಲ್ನೋಟಕ್ಕೆ ಅವು ಒಂದಕ್ಕೊಂದು ಹೊಂದುವುದಿಲ್ಲ. ಕೊನೆಯಲ್ಲಿ 'ಕೆಳಗಿನವುಗಳಲ್ಲಿ ಯಾವುದು ನಿಜವಾದರೆ ಈ ವೈರುಧ್ಯ ಬಗೆಹರಿಯುತ್ತದೆ?' ಎಂಬ ಅರ್ಥದ ಪ್ರಶ್ನೆ ಇರುತ್ತದೆ. ಇಂಗ್ಲಿಷ್‌ನಲ್ಲಿ 'ರಿಸಾಲ್ವ್', 'ಎಕ್ಸ್‌ಪ್ಲೇನ್', 'ರೆಕನ್ಸೈಲ್', 'ಡಿಸ್ಕ್ರೆಪನ್ಸಿ' ಎಂಬ ಪದಗಳು ಕಂಡರೆ ಅದು ಬಹುತೇಕ ಇದೇ ವರ್ಗದ ಪ್ರಶ್ನೆ.

ಇಲ್ಲಿ 'ನಿಜವಾದರೆ' ಎಂಬ ಪದ ಮುಖ್ಯ. ಆಯ್ಕೆಯಲ್ಲಿ ಹೇಳಿದ್ದು ಹೊರಜಗತ್ತಿನಲ್ಲಿ ನಿಜವೇ ಎಂದು ಪರೀಕ್ಷಿಸುವ ಅಗತ್ಯವಿಲ್ಲ. ಅದನ್ನು ನಿಜವೆಂದೇ ಹಿಡಿದು, ಒಗಟು ಬಿಡಿಸುತ್ತದೆಯೇ ಎಂದಷ್ಟೇ ನೋಡಬೇಕು. ಪ್ಯಾರಾದಿಂದ ತೀರ್ಮಾನ ತೆಗೆಯುವ ಪ್ರಶ್ನೆಗಳಲ್ಲಿ ಹೊಸ ಮಾಹಿತಿ ತಂದ ಆಯ್ಕೆ ಸಾಮಾನ್ಯವಾಗಿ ತಪ್ಪಾಗಿರುತ್ತದೆ. ಪ್ಯಾರಡಾಕ್ಸ್ ಪ್ರಶ್ನೆಯಲ್ಲಿ ಮಾತ್ರ ಸರಿ ಉತ್ತರವೇ ಹೊಸ ಮಾಹಿತಿ ತರುತ್ತದೆ. 'ಇದು ಪ್ಯಾರಾದಲ್ಲಿ ಇಲ್ಲವಲ್ಲ' ಎಂದು ಅದನ್ನು ಕೈಬಿಟ್ಟರೆ ಅಂಕ ಹೋದಂತೆ.

ಯಾವ ಪರೀಕ್ಷೆಗಳಲ್ಲಿ ಉಪಯೋಗ?

ಮ್ಯಾನೇಜ್‌ಮೆಂಟ್ ಕೋರ್ಸ್‌ಗಳ ಪ್ರವೇಶಕ್ಕೆ ನಡೆಯುವ ಜಿಮ್ಯಾಟ್ 2023ರ ನವೆಂಬರ್‌ನಲ್ಲಿ ಹೊಸ ರೂಪ ಪಡೆಯಿತು. ವ್ಯಾಕರಣ ಆಧಾರಿತ ವಾಕ್ಯ ತಿದ್ದುವ ಪ್ರಶ್ನೆಗಳನ್ನು ತೆಗೆದುಹಾಕಲಾಯಿತು. ಈಗ ವರ್ಬಲ್ ವಿಭಾಗದಲ್ಲಿರುವುದು ರೀಡಿಂಗ್ ಕಾಂಪ್ರಹೆನ್ಷನ್ ಮತ್ತು ಕ್ರಿಟಿಕಲ್ ರೀಸನಿಂಗ್ ಮಾತ್ರ. 23 ಪ್ರಶ್ನೆಗಳಿಗೆ 45 ನಿಮಿಷ, ಅಂದರೆ ಪ್ರತಿ ಪ್ರಶ್ನೆಗೆ ಎರಡು ನಿಮಿಷಕ್ಕೂ ತುಸು ಕಡಿಮೆ ಸಮಯ.

ಅಮೆರಿಕದ ಕಾನೂನು ಕಾಲೇಜುಗಳ ಪ್ರವೇಶ ಪರೀಕ್ಷೆ ಎಲ್‌ಸ್ಯಾಟ್‌ನಲ್ಲಿ 2024ರ ಆಗಸ್ಟ್‌ನಿಂದ ಲಾಜಿಕ್ ಗೇಮ್ಸ್ ಇಲ್ಲ. ಅಂಕಕ್ಕೆ ಪರಿಗಣಿಸುವ ಮೂರು ವಿಭಾಗಗಳಲ್ಲಿ ಎರಡು ಲಾಜಿಕಲ್ ರೀಸನಿಂಗ್. ಒಂದೊಂದಕ್ಕೆ 35 ನಿಮಿಷ. ಪ್ಯಾರಡಾಕ್ಸ್ ಅಲ್ಲಿ ಪರಿಚಿತ ಪ್ರಶ್ನೆ ಮಾದರಿ.

ಬೆಂಗಳೂರಿನ ರಾಷ್ಟ್ರೀಯ ಕಾನೂನು ಶಾಲೆ ಸೇರಿದಂತೆ ರಾಷ್ಟ್ರೀಯ ಕಾನೂನು ವಿಶ್ವವಿದ್ಯಾಲಯಗಳ ಪದವಿ ಪ್ರವೇಶಕ್ಕೆ ಇರುವ ಕ್ಲಾಟ್‌ನಲ್ಲಿ 120 ನಿಮಿಷಕ್ಕೆ 120 ಪ್ರಶ್ನೆಗಳು. ಇವುಗಳಲ್ಲಿ ಸುಮಾರು ಶೇ. 20ರಷ್ಟು ಲಾಜಿಕಲ್ ರೀಸನಿಂಗ್. ವೈರುಧ್ಯಗಳನ್ನು ಗುರುತಿಸುವುದು ಅದರ ಪಠ್ಯಕ್ರಮದಲ್ಲೇ ಇದೆ. ತಪ್ಪು ಉತ್ತರಕ್ಕೆ 0.25 ಅಂಕ ಕಡಿತವಾಗುವುದರಿಂದ ಅಂದಾಜಿನ ಮೇಲೆ ಗುರುತು ಹಾಕುವುದು ದುಬಾರಿಯಾಗಬಹುದು.

ಮೊದಲ ಹೆಜ್ಜೆ: ಒಂದು 'ಆದರೂ' ವಾಕ್ಯ

ಕನ್ನಡ ಬಲ್ಲ ಅಭ್ಯರ್ಥಿಗೆ ಇಲ್ಲೊಂದು ಅನುಕೂಲವಿದೆ. 'ಬಂದರೂ', 'ಇದ್ದರೂ', 'ಏರಿದರೂ' ಎಂಬ ಒಂದೇ ಪದದಲ್ಲಿ ಕನ್ನಡ ಇಡೀ ವೈರುಧ್ಯವನ್ನು ಹಿಡಿದಿಡುತ್ತದೆ. ಪ್ಯಾರಾ ಎಷ್ಟೇ ಉದ್ದವಿರಲಿ, ಅದನ್ನು 'ಹೀಗಾದರೂ ಹಾಗಾಯಿತು, ಏಕೆ?' ಎಂಬ ಒಂದು ಸಾಲಿಗೆ ಇಳಿಸಬೇಕು. ಆ ಸಾಲು ಮನಸ್ಸಿನಲ್ಲಿ ಸ್ಪಷ್ಟವಾಗುವವರೆಗೆ ಆಯ್ಕೆಗಳತ್ತ ಕಣ್ಣು ಹಾಯಿಸಬಾರದು.

ಇಂಗ್ಲಿಷ್ ಪ್ಯಾರಾದಲ್ಲಿ 'ಯೆಟ್', 'ಹೌಎವರ್', 'ಡಿಸ್ಪೈಟ್', 'ಸರ್ಪ್ರೈಸಿಂಗ್ಲಿ' ಎಂಬ ಪದಗಳು ವೈರುಧ್ಯ ಶುರುವಾಗುವ ಜಾಗವನ್ನು ತೋರಿಸುತ್ತವೆ. ಅದರ ಹಿಂದಿನದು ಮೊದಲ ಸಂಗತಿ, ಮುಂದಿನದು ಎರಡನೆಯದು. ಜತೆಗೆ 'ಇದು ಬದಲಾಗಿಲ್ಲ', 'ಅದು ಅಷ್ಟೇ ಇದೆ' ಎಂಬ ಮಾತಿದ್ದರೆ ಅದನ್ನೂ ಗುರುತು ಮಾಡಿಕೊಳ್ಳಬೇಕು. ಸುಲಭವಾಗಿ ಹೊಳೆಯುವ ಕಾರಣಗಳ ದಾರಿಯನ್ನು ಪ್ರಶ್ನೆ ತಯಾರಿಸುವವರು ಇಂಥ ಮಾತಿನಿಂದಲೇ ಮುಚ್ಚಿರುತ್ತಾರೆ.

ಒಂದು ಮಾದರಿ ಪ್ರಶ್ನೆ

ಈ ಕಾಲ್ಪನಿಕ ಪ್ರಶ್ನೆಯನ್ನು ಗಮನಿಸಬಹುದು.

'ನಗರದ ಬಸ್ ಸಂಸ್ಥೆಯೊಂದು ಕಳೆದ ವರ್ಷ ಹಳೆಯ ಬಸ್‌ಗಳನ್ನು ತೆಗೆದು ಹೊಸ ಬಸ್‌ಗಳನ್ನು ರಸ್ತೆಗಿಳಿಸಿತು. ತಡವಾಗಿ ಬರುವ ಟ್ರಿಪ್‌ಗಳ ಸಂಖ್ಯೆ ಅರ್ಧಕ್ಕೆ ಇಳಿಯಿತು. ಪ್ರಯಾಣಿಕರ ಸಂಖ್ಯೆ ಹಿಂದಿನಷ್ಟೇ ಇತ್ತು. ಆದರೂ ಬಸ್ ತಡವಾಗಿ ಬಂತು ಎಂಬ ದೂರುಗಳು ಎರಡು ಪಟ್ಟಾದವು. ಯಾವುದು ನಿಜವಾದರೆ ಇದಕ್ಕೆ ವಿವರಣೆ ಸಿಗುತ್ತದೆ?'

ಎ) ಹೊಸ ಬಸ್‌ಗಳ ಚಾಲಕರಿಗೆ ಸಮಯಪಾಲನೆ ಕುರಿತು ತರಬೇತಿ ನೀಡಲಾಗಿತ್ತು.

ಬಿ) ಹೆಚ್ಚು ಪ್ರಯಾಣಿಕರನ್ನು ಸೆಳೆಯಲು ಸಂಸ್ಥೆ ರಿಯಾಯಿತಿ ಪಾಸ್ ಜಾರಿಗೆ ತಂದಿತ್ತು.

ಸಿ) ಹಿಂದೆ ಡಿಪೋಗೆ ಹೋಗಿ ಬರೆದುಕೊಡಬೇಕಿದ್ದ ದೂರನ್ನು ಕಳೆದ ವರ್ಷದಿಂದ ಮೊಬೈಲ್‌ನಲ್ಲೇ ದಾಖಲಿಸುವ ವ್ಯವಸ್ಥೆ ಬಂತು.

ಡಿ) ಹೊಸ ಬಸ್‌ಗಳ ಸೀಟುಗಳು ಕಿರಿದಾಗಿವೆ ಎಂದು ಹಲವರು ದೂರಿದರು.

ಇ) ದೂರು ನೀಡಿದವರಲ್ಲಿ ಕೆಲವರು ಅದರ ಹಿಂದಿನ ವರ್ಷವೂ ದೂರು ನೀಡಿದ್ದರು.

'ತಡವಾಗುವ ಬಸ್ ಕಡಿಮೆಯಾದರೂ ತಡದ ದೂರು ಹೆಚ್ಚಾಯಿತು, ಏಕೆ?' ಇದು ಇಲ್ಲಿನ ಆದರೂ ವಾಕ್ಯ. ಸರಿ ಉತ್ತರ ಸಿ. ದೂರು ನೀಡುವುದು ಸುಲಭವಾದ್ದರಿಂದ, ಹಿಂದೆ ಗೊಣಗಿಕೊಂಡು ಸುಮ್ಮನಾಗುತ್ತಿದ್ದವರೂ ಈಗ ದಾಖಲಿಸುತ್ತಿದ್ದಾರೆ. ಬಸ್‌ಗಳ ಸಮಯಪಾಲನೆ ಸುಧಾರಿಸಿದ್ದೂ ನಿಜ, ದೂರು ಹೆಚ್ಚಿದ್ದೂ ನಿಜ. ಎರಡೂ ಜತೆಯಲ್ಲಿ ನಿಲ್ಲುತ್ತವೆ.

ತಪ್ಪು ಆಯ್ಕೆಗಳು ಬರುವ ರೀತಿ

ಉಳಿದ ನಾಲ್ಕು ಆಯ್ಕೆಗಳು ಏಕೆ ತಪ್ಪು ಎಂದು ನೋಡಿದರೆ ಪ್ರಶ್ನೆ ತಯಾರಿಸುವವರ ತಂತ್ರ ತಿಳಿಯುತ್ತದೆ.

ಒಂದೇ ಬದಿಯ ವಿವರಣೆ: ಆಯ್ಕೆ ಎ, ಬಸ್‌ಗಳು ಸಮಯಕ್ಕೆ ಬಂದದ್ದು ಏಕೆ ಎಂದು ಹೇಳುತ್ತದೆ. ದೂರು ಏಕೆ ಹೆಚ್ಚಿತು ಎಂಬುದಕ್ಕೆ ಉತ್ತರವಿಲ್ಲ. ಓದಿದ ತಕ್ಷಣ ಸರಿ ಅನ್ನಿಸುವ ಕಾರಣ ಅತಿ ಹೆಚ್ಚು ಮೋಸ ಮಾಡುವ ಆಯ್ಕೆ ಇದು.

ಕೊಟ್ಟ ಸಂಗತಿಗೆ ವಿರುದ್ಧ ದಾರಿ: ಆಯ್ಕೆ ಬಿ ಓದಿದಾಗ 'ಜನ ಹೆಚ್ಚಾದರು, ದೂರೂ ಹೆಚ್ಚಾಯಿತು' ಎಂದು ಮನಸ್ಸು ಓಡುತ್ತದೆ. ಆದರೆ ಪ್ರಯಾಣಿಕರ ಸಂಖ್ಯೆ ಬದಲಾಗಿಲ್ಲ ಎಂದು ಪ್ಯಾರಾ ಮೊದಲೇ ಹೇಳಿದೆ. ಸಂಸ್ಥೆ ಪಾಸ್ ತಂದಿರಬಹುದು, ಜನ ಹೆಚ್ಚಲಿಲ್ಲ.

ವಿಷಯ ಬದಲಾವಣೆ: ಆಯ್ಕೆ ಡಿ ದೂರಿನ ಬಗ್ಗೆಯೇ ಇದೆ, ಆದರೆ ಸೀಟಿನ ದೂರು. ಪ್ರಶ್ನೆ ಇರುವುದು ತಡದ ದೂರಿನ ಬಗ್ಗೆ.

ಬಲವಿಲ್ಲದ ಮಾತು: ಆಯ್ಕೆ ಇ ನಿಜವಾದರೂ ಏನೂ ಬದಲಾಗುವುದಿಲ್ಲ. 'ಕೆಲವರು' ಎಂಬಷ್ಟರಿಂದ ಎರಡು ಪಟ್ಟು ಹೆಚ್ಚಳಕ್ಕೆ ಕಾರಣ ಸಿಗದು.

ಇವಲ್ಲದೆ ಒಗಟನ್ನು ಇನ್ನಷ್ಟು ಬಿಗಿ ಮಾಡುವ ಆಯ್ಕೆಯೂ ಇರುತ್ತದೆ. 'ದೂರು ನೀಡುವ ಕ್ರಮ ಮೊದಲಿಗಿಂತ ಕಠಿಣವಾಯಿತು' ಎಂದಿದ್ದರೆ ದೂರು ಹೆಚ್ಚಾದದ್ದು ಮತ್ತಷ್ಟು ವಿಚಿತ್ರವಾಗುತ್ತಿತ್ತು. ಅವಸರದಲ್ಲಿ ಓದುವವರು ದಿಕ್ಕು ತಪ್ಪಿ ಇದನ್ನೇ ಆರಿಸುವುದುಂಟು.

ಪದೇ ಪದೇ ಬರುವ ನಾಲ್ಕು ಕಾರಣಗಳು

ಪ್ರಶ್ನೆಯ ವಿಷಯ ಆರೋಗ್ಯ, ವ್ಯಾಪಾರ, ಪರಿಸರ ಯಾವುದೇ ಇರಲಿ, ಒಳಗಿನ ಕಾರಣ ಕೆಲವೇ ಬಗೆಯದು. ಇತಿಹಾಸದ ನಿಜ ಪ್ರಸಂಗಗಳಲ್ಲೂ ಇವೇ ಕಾಣುತ್ತವೆ.

1. ಸಂಖ್ಯೆ ಬೇರೆ, ಶೇಕಡಾ ಬೇರೆ: ಒಂದು ಪರೀಕ್ಷೆ ಬರೆದ 1000 ಮಂದಿಯಲ್ಲಿ 400 ಮಂದಿ ಪಾಸಾದರೆ ಫಲಿತಾಂಶ ಶೇ. 40. ಮರುವರ್ಷ 2000 ಮಂದಿಯಲ್ಲಿ 600 ಮಂದಿ ಪಾಸಾದರೆ ಶೇ. 30. ಫಲಿತಾಂಶ ಕುಸಿದರೂ ಪಾಸಾದವರು ಹೆಚ್ಚಿದರು. ಪ್ಯಾರಾದಲ್ಲಿ ಒಂದು ಕಡೆ ಸಂಖ್ಯೆ, ಇನ್ನೊಂದು ಕಡೆ ಶೇಕಡಾ ಇದ್ದರೆ ಮೊದಲು ಒಟ್ಟು ಎಷ್ಟು ಎಂಬುದನ್ನು ಅನುಮಾನಿಸಬೇಕು.

2. ಬೇರೆ ಬೇರೆ ಗುಂಪುಗಳ ಬೆರಕೆ: 1973ರಲ್ಲಿ ಅಮೆರಿಕದ ಬರ್ಕ್ಲಿ ವಿಶ್ವವಿದ್ಯಾಲಯದ ಸ್ನಾತಕೋತ್ತರ ಕೋರ್ಸ್‌ಗಳಿಗೆ ಅರ್ಜಿ ಹಾಕಿದ ಪುರುಷರಲ್ಲಿ ಸುಮಾರು ಶೇ. 44, ಮಹಿಳೆಯರಲ್ಲಿ ಸುಮಾರು ಶೇ. 35 ಮಂದಿಗೆ ಪ್ರವೇಶ ಸಿಕ್ಕಿತ್ತು. ಮಹಿಳೆಯರಿಗೆ ಅನ್ಯಾಯವಾಗಿದೆಯೇ ಎಂದು ವಿಭಾಗವಾರು ನೋಡಿದಾಗ ಬಹುತೇಕ ವಿಭಾಗಗಳಲ್ಲಿ ಅಂಥ ಪಕ್ಷಪಾತ ಕಾಣಲಿಲ್ಲ. ಸೀಟು ಸಿಗುವುದು ಕಷ್ಟವಿದ್ದ ವಿಭಾಗಗಳಿಗೇ ಮಹಿಳೆಯರು ಹೆಚ್ಚಾಗಿ ಅರ್ಜಿ ಹಾಕಿದ್ದರು. 1975ರಲ್ಲಿ 'ಸೈನ್ಸ್' ಪತ್ರಿಕೆಯಲ್ಲಿ ಪ್ರಕಟವಾದ ಈ ವಿಶ್ಲೇಷಣೆ ಸಂಖ್ಯಾಶಾಸ್ತ್ರದಲ್ಲಿ 'ಸಿಂಪ್ಸನ್ಸ್ ಪ್ಯಾರಡಾಕ್ಸ್'ಗೆ ಪ್ರಸಿದ್ಧ ಉದಾಹರಣೆ.

3. ಬದಲಾವಣೆಗೆ ಜನರ ಪ್ರತಿಕ್ರಿಯೆ: ಕಡಿಮೆ ಕಲ್ಲಿದ್ದಲಿನಲ್ಲಿ ಹೆಚ್ಚು ಕೆಲಸ ಮಾಡುವ ಉಗಿಯಂತ್ರ ಬಂದರೂ ಬ್ರಿಟನ್ನಿನಲ್ಲಿ ಕಲ್ಲಿದ್ದಲು ಬಳಕೆ ಇಳಿಯಲಿಲ್ಲ, ಏರಿತು. ಅರ್ಥಶಾಸ್ತ್ರಜ್ಞ ವಿಲಿಯಂ ಸ್ಟ್ಯಾನ್ಲಿ ಜೆವನ್ಸ್ 1865ರಲ್ಲೇ ಇದನ್ನು ಗುರುತಿಸಿದ್ದರು. ಯಂತ್ರ ಓಡಿಸುವ ಖರ್ಚು ಕಡಿಮೆಯಾದಾಗ ಇನ್ನಷ್ಟು ಕಡೆ ಯಂತ್ರಗಳನ್ನು ಬಳಸತೊಡಗಿದರು. ಉಳಿತಾಯ ಮಾಡುವ ಉಪಕರಣ ಬಂದರೂ ಬಿಲ್ ಏರಿತು ಎಂಬ ಪ್ರಶ್ನೆಗಳ ಮೂಲ ಇದೇ.

4. ಲೆಕ್ಕಕ್ಕೆ ಸಿಕ್ಕವರು ಯಾರು?: ಎರಡನೇ ಮಹಾಯುದ್ಧದ ವೇಳೆ ಅಮೆರಿಕದಲ್ಲಿದ್ದ ಸಂಖ್ಯಾಶಾಸ್ತ್ರಜ್ಞ ಅಬ್ರಹಾಂ ವಾಲ್ಡ್, ಗುಂಡೇಟು ತಿಂದು ಮರಳಿದ ವಿಮಾನಗಳ ಲೆಕ್ಕದಿಂದ ಮರಳದ ವಿಮಾನಗಳ ದುರ್ಬಲ ಭಾಗ ಅಂದಾಜಿಸುವ ವಿಧಾನ ರೂಪಿಸಿದರು. ಮರಳಿದ ವಿಮಾನಗಳಲ್ಲಿ ಎಂಜಿನ್ ಭಾಗಕ್ಕೆ ಏಟು ಕಡಿಮೆ ಕಂಡರೆ ಆ ಭಾಗ ಗಟ್ಟಿ ಎಂದರ್ಥವಲ್ಲ. ಅಲ್ಲಿ ಏಟು ಬಿದ್ದವು ಮರಳಿಯೇ ಇಲ್ಲದಿರಬಹುದು. ವಾಲ್ಡ್ 1950ರಲ್ಲಿ ಭಾರತ ಪ್ರವಾಸದಲ್ಲಿದ್ದಾಗ ನೀಲಗಿರಿಯಲ್ಲಿ ನಡೆದ ವಿಮಾನ ದುರಂತದಲ್ಲಿ ತೀರಿಕೊಂಡರು. ಮೇಲಿನ ಬಸ್ ದೂರಿನ ಪ್ರಶ್ನೆಯೂ ಇದೇ ಗುಂಪಿಗೆ ಸೇರುತ್ತದೆ: ಹಿಂದೆ ಲೆಕ್ಕಕ್ಕೆ ಬಾರದವರು ಈಗ ಲೆಕ್ಕಕ್ಕೆ ಬಂದರು.

ಆಯ್ಕೆಗಳನ್ನು ನೋಡುವ ಮೊದಲು ಈ ನಾಲ್ಕರಲ್ಲಿ ಯಾವುದು ಹೊಂದಬಹುದು ಎಂದು ಕೆಲವು ಸೆಕೆಂಡ್ ಯೋಚಿಸಿದರೆ ಸರಿ ಉತ್ತರ ಬೇಗ ಕಣ್ಣಿಗೆ ಬೀಳುತ್ತದೆ. ಆದರೆ ತಾನು ಊಹಿಸಿದ್ದೇ ಇರಬೇಕು ಎಂಬ ಹಟ ಬೇಡ. ಒಂದು ಒಗಟಿಗೆ ಹಲವು ವಿವರಣೆಗಳು ಸಾಧ್ಯ, ಪರೀಕ್ಷೆ ಅವುಗಳಲ್ಲಿ ಒಂದನ್ನು ಮಾತ್ರ ಕೊಟ್ಟಿರುತ್ತದೆ.

'ಎಕ್ಸೆಪ್ಟ್' ಇದ್ದರೆ ಎಚ್ಚರ

ಕೆಲವು ಪ್ರಶ್ನೆಗಳಲ್ಲಿ ನಾಲ್ಕು ಆಯ್ಕೆಗಳು ವೈರುಧ್ಯವನ್ನು ಬಗೆಹರಿಸುತ್ತವೆ. ಬಗೆಹರಿಸದ ಐದನೆಯದನ್ನು ಹುಡುಕಬೇಕು. ಉದಾಹರಣೆಗೆ, ಹೋಟೆಲ್ ಒಂದು ದೋಸೆಯ ಬೆಲೆ ಏರಿಸಿದರೂ, ಮಾರಾಟವಾದ ದೋಸೆಗಳ ಸಂಖ್ಯೆ ಇಳಿಯದಿದ್ದರೂ, ದೋಸೆಯಿಂದ ಬರುವ ಲಾಭ ಕಡಿಮೆಯಾಯಿತು. ಎಣ್ಣೆ ಬೆಣ್ಣೆ ತುಟ್ಟಿಯಾಯಿತು, ಸಿಲಿಂಡರ್ ದರ ಏರಿತು, ಅಡುಗೆ ಭಟ್ಟರ ಸಂಬಳ ಹೆಚ್ಚಿತು, ಡೆಲಿವರಿ ಆ್ಯಪ್‌ಗೆ ಕೊಡುವ ಕಮಿಷನ್ ಜಾಸ್ತಿಯಾಯಿತು ಎಂಬ ನಾಲ್ಕೂ ಇದನ್ನು ವಿವರಿಸಬಲ್ಲವು. 'ಪಕ್ಕದ ಹೋಟೆಲ್‌ನಲ್ಲಿ ದೋಸೆ ಅಗ್ಗ' ಎಂಬುದು ವಿವರಿಸದು. ಮಾರಾಟ ಇಳಿದಿಲ್ಲ ಎಂದು ಮೊದಲೇ ಹೇಳಿರುವುದರಿಂದ ಪೈಪೋಟಿಯ ಮಾತು ಇಲ್ಲಿ ಲೆಕ್ಕಕ್ಕಿಲ್ಲ. ಹಾಗಾಗಿ ಅದೇ ಉತ್ತರ.

ಅಭ್ಯಾಸ ಹೇಗಿರಬೇಕು?

ಕೆಲಸದ ನಡುವೆ ತಯಾರಿ ನಡೆಸುವವರು ದಿನಕ್ಕೆ ಐದು ಪ್ರಶ್ನೆ ಬಿಡಿಸಿದರೂ ಸಾಕು. ಮೊದಲ ಎರಡು ವಾರ ಗಡಿಯಾರ ಬೇಡ. ಪ್ರತಿ ಪ್ರಶ್ನೆಗೂ ಆದರೂ ವಾಕ್ಯವನ್ನು ನೋಟ್‌ಬುಕ್‌ನಲ್ಲಿ ಬರೆಯಬೇಕು. ಬರೆಯಲಾಗದಿದ್ದರೆ ಪ್ಯಾರಾ ಅರ್ಥವಾಗಿಲ್ಲ ಎಂದೇ ತಿಳಿಯಬೇಕು. ನಂತರ ಎರಡು ನಿಮಿಷದ ಮಿತಿ ಹಾಕಿಕೊಳ್ಳಬಹುದು.

ತಪ್ಪಾದ ಪ್ರಶ್ನೆಯ ಪಕ್ಕದಲ್ಲಿ ಸರಿ ಉತ್ತರದ ಅಕ್ಷರ ಬರೆದುಕೊಂಡರೆ ಪ್ರಯೋಜನವಿಲ್ಲ. ಒಂದೇ ಬದಿಯ ವಿವರಣೆಗೆ ಮರುಳಾದದ್ದೇ, ದಿಕ್ಕು ತಪ್ಪಿದ್ದೇ, 'ಬದಲಾಗಿಲ್ಲ' ಎಂಬ ಮಾತನ್ನು ಮರೆತದ್ದೇ ಎಂದು ಬರೆಯಬೇಕು. ಇಂಥ ಇಪ್ಪತ್ತು ಟಿಪ್ಪಣಿಗಳಾಗುವಷ್ಟರಲ್ಲಿ ತಾನು ಯಾವ ಬಲೆಗೆ ಹೆಚ್ಚಾಗಿ ಬೀಳುತ್ತಿದ್ದೇನೆ ಎಂಬುದು ಅಭ್ಯರ್ಥಿಗೇ ಗೊತ್ತಾಗುತ್ತದೆ. ಅಭ್ಯಾಸಕ್ಕೆ ಪರೀಕ್ಷೆ ನಡೆಸುವ ಸಂಸ್ಥೆಗಳೇ ಪ್ರಕಟಿಸುವ ಹಳೆಯ ಪ್ರಶ್ನೆಗಳು ಉತ್ತಮ.

ಎರಡು ಆಯ್ಕೆಗಳ ನಡುವೆ ಗೊಂದಲವಾದಾಗ ಕೊನೆಯ ಪರೀಕ್ಷೆ ಒಂದೇ. ಆಯ್ಕೆಯನ್ನು ಎರಡು ಸಂಗತಿಗಳ ನಡುವೆ ಇಟ್ಟು ಓದಬೇಕು: 'ಮಳೆ ಚೆನ್ನಾಗಿ ಬಂತು, ಆದರೆ ಕಾಲುವೆಯಲ್ಲಿ ಹೂಳು ತುಂಬಿತ್ತು, ಹಾಗಾಗಿ ಕೆರೆ ತುಂಬಲಿಲ್ಲ.' ಹೀಗೆ ಎಲ್ಲೂ ತೊಡಕಿಲ್ಲದೆ ಓದಿಸಿಕೊಂಡು ಹೋದರೆ ಅದೇ ಸರಿ ಉತ್ತರ. ಓದಿದ ಮೇಲೂ ಬಾಯಲ್ಲಿ 'ಅದು ಸರಿ, ಆದರೂ ಯಾಕೆ?' ಎಂಬ ಪ್ರಶ್ನೆ ಉಳಿದರೆ ಆ ಆಯ್ಕೆಯನ್ನು ಬಿಟ್ಟು ಮುಂದಿನದಕ್ಕೆ ಹೋಗಬೇಕು.