ವಿಮಾನಚಾಲಕರ ಹೆಡ್‌ಸೆಟ್ಟು: ಅದರ ಚರಿತ್ರೆಯೂ ಆಯ್ಕೆಯ ವಿಚಾರವೂ

ಶಬ್ದವು ಧ್ವನ್ಯಾತ್ಮಕವೆಂದೂ ವರ್ಣಾತ್ಮಕವೆಂದೂ ಎರಡು ವಿಧವೆಂಬುದು ತರ್ಕಶಾಸ್ತ್ರದ ಬಾಲಪಾಠಗಳಲ್ಲಿ ಒಂದು. ಭೇರಿ ಮೊದಲಾದುವುಗಳಿಂದ ಹುಟ್ಟತಕ್ಕುದು ಧ್ವನಿ. ಕಂಠತಾಲ್ವಾದಿ ಸ್ಥಾನಗಳಲ್ಲಿ ಹುಟ್ಟಿ ಭಾಷಾರೂಪವನ್ನು ತಾಳತಕ್ಕುದು ವರ್ಣ. ಇವೆರಡನ್ನೂ ಗ್ರಹಿಸುವ ಇಂದ್ರಿಯವು ಒಂದೇ ಆದುದರಿಂದ, ಪ್ರಬಲವಾದ ಧ್ವನಿಯು ದುರ್ಬಲವಾದ ವರ್ಣವನ್ನು ಮುಚ್ಚಿಬಿಡುವುದು ಲೋಕಸಿದ್ಧ. ರಥೋತ್ಸವದ ವಾದ್ಯಘೋಷದ ನಡುವೆ ಪಕ್ಕದವರ ಮಾತು ಕೇಳಿಸದೆ ಹೋದರೆ ದೊಡ್ಡ ಹಾನಿಯೇನೂ ಇಲ್ಲ. ಆದರೆ ಎಂಜಿನ್ನಿನ ಗರ್ಜನೆಯ ಬಳಿಯಲ್ಲಿಯೇ ಕುಳಿತು, ನೆಲದಿಂದ ಬರುವ ಆಜ್ಞೆಗಳನ್ನು ಕೇಳಿ, ಅವುಗಳಂತೆ ಏರುತ್ತ ಇಳಿಯುತ್ತ ತಿರುಗುತ್ತ ನಡೆಯಬೇಕಾದ ವಿಮಾನಚಾಲಕನಿಗೆ ಒಂದು ಅಂಕೆ ತಪ್ಪಿ ಕೇಳಿಸಿದರೂ ಅದು ಪ್ರಾಣಸಂಕಟಕ್ಕೆ ಕಾರಣವಾಗಬಹುದು.

ಈ ಸಂಕಟದ ನಿವಾರಣೆಗಾಗಿ ಹುಟ್ಟಿದ ಉಪಕರಣವೇ ಹೆಡ್‌ಸೆಟ್ಟು. ಎರಡು ಕಿವಿಗಳನ್ನೂ ಮುಚ್ಚುವ ಬಟ್ಟಲುಗಳು, ಅವುಗಳೊಳಗೆ ಮಾತನ್ನು ಕೇಳಿಸುವ ಸಣ್ಣ ಸ್ಪೀಕರುಗಳು, ತುಟಿಯ ಬಳಿಗೆ ಚಾಚಿದ ಮೈಕ್ರೋಫೋನು, ಇವೆಲ್ಲವನ್ನೂ ತಲೆಯ ಮೇಲೆ ಹಿಡಿದು ನಿಲ್ಲಿಸುವ ಪಟ್ಟಿ, ಇಷ್ಟು ಅದರ ಅಂಗಗಳು. ಯಾವ ಹೆಡ್‌ಸೆಟ್ಟು ಅತ್ಯಂತ ನಿಶ್ಶಬ್ದವನ್ನು ಉಂಟುಮಾಡುವುದೋ ಅದೇ ಶ್ರೇಷ್ಠವೆಂಬ ಅಭಿಪ್ರಾಯವು ಕೊಳ್ಳುವವರಲ್ಲಿ ಸಾಮಾನ್ಯವಾಗಿ ಬೇರೂರಿದೆ. ಇದನ್ನು ಪೂರ್ವಪಕ್ಷವಾಗಿಟ್ಟುಕೊಂಡು, ಉಪಕರಣದ ಚರಿತ್ರೆಯು ಇದಕ್ಕೆ ಪೋಷಕವೋ ಬಾಧಕವೋ ಎಂಬುದನ್ನು ಪರಿಶೀಲಿಸುವುದೇ ಪ್ರಕೃತ ಲೇಖನದ ಉದ್ದೇಶ.

೧. ಆದಿಕಾಲದ ಪ್ರಯತ್ನಗಳು

೧೯೦೩ರಲ್ಲಿ ರೈಟ್ ಸಹೋದರರ ವಿಮಾನವು ಹಾರಿದ ಮೇಲೆ ಕೆಲವು ವರ್ಷಗಳ ವರೆಗೆ ಆಕಾಶದಲ್ಲಿರುವವರೊಡನೆ ಸಂಭಾಷಿಸುವ ಉಪಾಯವೇ ಇರಲಿಲ್ಲ. ೧೯೧೦ನೆಯ ಆಗಸ್ಟ್ ೨೭ರಂದು ಕೆನಡಾ ದೇಶದ ಜೇಮ್ಸ್ ಮೆಕರ್ಡಿ ಎಂಬವರು ನ್ಯೂಯಾರ್ಕಿನ ಶೀಪ್ಸ್‌ಹೆಡ್ ಬೇ ಎಂಬಲ್ಲಿ ವಿಮಾನದಿಂದ ನೆಲಕ್ಕೆ ರೇಡಿಯೋ ಸಂದೇಶವನ್ನು ಕಳುಹಿಸಿದರು. ಅದು ಮಾರ್ಸ್ ಸಂಕೇತವೇ ಹೊರತು ಮಾತಲ್ಲ. ಅದೇ ವರ್ಷ ಅಮೆರಿಕಾದ ಯೂಟಾ ಪ್ರಾಂತದ ನಥಾನಿಯಲ್ ಬಾಲ್ಡ್ವಿನ್ ಎಂಬವರು ತಮ್ಮ ಮನೆಯಲ್ಲಿಯೇ ತಯಾರಿಸಿದ ಶಿರೋಧಾರ್ಯವಾದ ಹೆಡ್‌ಫೋನು ಆ ದೇಶದ ನೌಕಾದಳದ ಗಮನವನ್ನು ಸೆಳೆಯಿತು. ಹೆಡ್‌ಸೆಟ್ಟಿನ ವಂಶವೃಕ್ಷಕ್ಕೆ ಇವೆರಡನ್ನೂ ಮೂಲಗಳೆಂದು ಎಣಿಸಬಹುದು.

ಒಂದೇ ವಿಮಾನದಲ್ಲಿ ಹಿಂದುಮುಂದಾಗಿ ಕುಳಿತ ಗುರುಶಿಷ್ಯರು ಮಾತನಾಡುವುದೂ ಆಗ ದುಸ್ಸಾಧ್ಯವಾಗಿತ್ತು. ಮೊದಲನೆಯ ಮಹಾಯುದ್ಧದಲ್ಲಿ, ೧೯೧೭ರಲ್ಲಿ, ಇಂಗ್ಲೆಂಡಿನ ಗಾಸ್ಪೋರ್ಟ್ ಎಂಬ ಊರಿನ ವೈಮಾನಿಕ ಶಾಲೆಯಲ್ಲಿ ರಾಬರ್ಟ್ ಸ್ಮಿತ್-ಬ್ಯಾರಿ ಎಂಬ ಅಧಿಕಾರಿಯು ಹೊಸ ಶಿಕ್ಷಣಕ್ರಮವನ್ನು ಜಾರಿಗೆ ತಂದಾಗ, ಗುರುವಿನ ಬಾಯಿಂದ ಶಿಷ್ಯನ ಕಿವಿಯವರೆಗೆ ಹೋಗುವ ಮಾತಿನ ಕೊಳವೆಯು ಬಳಕೆಗೆ ಬಂದಿತು. ಅದಕ್ಕೆ ಗಾಸ್ಪೋರ್ಟ್ ಕೊಳವೆಯೆಂದೇ ಹೆಸರಾಯಿತು. ಅದರಲ್ಲಿ ವಿದ್ಯುತ್ತಿಲ್ಲ, ಯಂತ್ರವಿಲ್ಲ. ಹೊರಗಿನ ಧ್ವನಿಯನ್ನು ಕೊಲ್ಲದೆ, ವರ್ಣವು ಹರಿಯುವುದಕ್ಕೆ ಮರೆಯಾದ ದಾರಿಯೊಂದನ್ನು ಮಾಡಿಕೊಟ್ಟದ್ದಷ್ಟೇ ಅದರ ಕೆಲಸ. ಉಪಕರಣದ ಮುಖ್ಯ ಪ್ರಯೋಜನವು ನಿಶ್ಶಬ್ದವಲ್ಲ, ಶ್ರವಣವೆಂಬುದು ಈ ಮೊದಲನೆಯ ಮೆಟ್ಟಿಲಿನಲ್ಲಿಯೇ ಗೋಚರವಾಗುತ್ತದೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಚರ್ಮದ ಶಿರಸ್ತ್ರಾಣಗಳಲ್ಲಿ ಕಿವಿಯ ಫೋನುಗಳನ್ನು ಹೊಂದಿಸುವ ಪದ್ಧತಿಯು ರೂಢವಾಯಿತು. ಗಂಟಲಿಗೆ ಕಟ್ಟಿಕೊಳ್ಳುವ ಮೈಕ್ರೋಫೋನುಗಳೂ ಬಳಕೆಯಲ್ಲಿದ್ದುವು. ಇವು ಕಂಠದ ಕಂಪನವನ್ನೇ ನೇರಾಗಿ ಗ್ರಹಿಸುತ್ತಿದ್ದುದರಿಂದ ಎಂಜಿನ್ನಿನ ಸದ್ದು ಅವುಗಳಿಗೆ ಅಷ್ಟಾಗಿ ತಾಕುತ್ತಿರಲಿಲ್ಲ. ಆದರೆ ಮಾತು ಅಸ್ಪಷ್ಟವಾಗುತ್ತಿತ್ತು. ವರ್ಣಗಳ ಘೋಷಾಘೋಷ ವಿಭಾಗವನ್ನು ಬಲ್ಲವರಿಗೆ ಇದರ ಕಾರಣವು ಸುಲಭವಾಗಿ ಹೊಳೆಯುತ್ತದೆ. ಸ್ವರಗಳೂ ಘೋಷವ್ಯಂಜನಗಳೂ ಕಂಠನಾದದಿಂದ ಕೂಡಿದುವು; ಕ, ತ, ಪ, ಶ, ಸ ಮೊದಲಾದ ಅಘೋಷಗಳಲ್ಲಿ ಕಂಠನಾದವೇ ಇಲ್ಲ. ಗಂಟಲನ್ನು ಮಾತ್ರ ಆಲಿಸುವ ಯಂತ್ರಕ್ಕೆ ತುಟಿ, ಹಲ್ಲು, ನಾಲಗೆಗಳಲ್ಲಿ ಹುಟ್ಟುವ ಅಘೋಷಗಳು ಸಿಕ್ಕುವ ಬಗೆ ಹೇಗೆ? ಧ್ವನಿಯನ್ನು ನಿವಾರಿಸುವ ಭರದಲ್ಲಿ ವರ್ಣವನ್ನೂ ಕಳೆದುಕೊಂಡುದಕ್ಕೆ ಇದು ಒಳ್ಳೆಯ ದೃಷ್ಟಾಂತ.

೨. ಬಟ್ಟಲಿನ ಗುಣವೂ ಮಿತಿಯೂ

ಯುದ್ಧಾನಂತರವೂ ಬಹುಕಾಲ ಸಣ್ಣ ವಿಮಾನಗಳಲ್ಲಿ ಕೈಮೈಕ್ರೋಫೋನು, ಛಾವಣಿಯ ಸ್ಪೀಕರು ಇವುಗಳಿಂದಲೇ ಕೆಲಸವು ಸಾಗುತ್ತಿತ್ತು. ೧೯೭೫ರಲ್ಲಿ ಅಮೆರಿಕಾದ ವೂಸ್ಟರ್ ನಗರದ ಡೇವಿಡ್ ಕ್ಲಾರ್ಕ್ ಕಂಪನಿಯು ಶಬ್ದವನ್ನು ತಡೆಯುವ ಗಟ್ಟಿ ಬಟ್ಟಲುಗಳುಳ್ಳ ಹೆಡ್‌ಸೆಟ್ಟನ್ನು ಸಾಮಾನ್ಯ ವೈಮಾನಿಕರಿಗಾಗಿ ಹೊರತಂದಿತು. ಅದರ ಹಸುರು ಬಟ್ಟಲುಗಳು ವಿಮಾನನಿಲ್ದಾಣಗಳಲ್ಲಿ ಚಿರಪರಿಚಿತವಾದುವು.

ಇಂಥ ಬಟ್ಟಲಿನ ತಡೆಗೆ ನಿಷ್ಕ್ರಿಯ ನಿವಾರಣವೆಂದು ಹೆಸರು. ಇದು ತಾರಶಬ್ದಗಳನ್ನು ಚೆನ್ನಾಗಿ ತಡೆಯುತ್ತದೆ, ಮಂದ್ರಶಬ್ದಗಳನ್ನು ತಡೆಯಲಾರದು. ಸಣ್ಣ ವಿಮಾನದ ಶಬ್ದವಾದರೋ ವಿಶೇಷವಾಗಿ ಮಂದ್ರವೇ. ಎರಡು ಅಲಗುಗಳ ಪ್ರೊಪೆಲ್ಲರು ನಿಮಿಷಕ್ಕೆ ೨,೪೦೦ ಸುತ್ತು ತಿರುಗಿದರೆ ಸೆಕೆಂಡಿಗೆ ೪೦ ಸುತ್ತಾಗಿ, ಅಲಗುಗಳು ಗಾಳಿಯನ್ನು ಸೆಕೆಂಡಿಗೆ ೮೦ ಸಲ ಬಡಿಯುತ್ತವೆ. ನಾಲ್ಕು ಸಿಲಿಂಡರುಗಳ ಎಂಜಿನ್ನು ಅದೇ ವೇಗದಲ್ಲಿ ಸೆಕೆಂಡಿಗೆ ೮೦ ಸಲವೇ ಸಿಡಿಯುತ್ತದೆ. ಹೀಗೆ ೮೦ ಹರ್ಟ್ಸಿನ ಗುಡುಗು ಎರಡು ಕಡೆಗಳಿಂದಲೂ ಕೂಡಿಬರುತ್ತದೆ.

ಮಂದ್ರಶಬ್ದಕ್ಕೆ ಇನ್ನೊಂದು ದುರ್ಗುಣವುಂಟು. ಅದು ಪ್ರಬಲವಾದಾಗ ತನ್ನ ಸ್ಥಾಯಿಯನ್ನು ಮಾತ್ರವಲ್ಲದೆ ತನಗಿಂತ ಮೇಲಿನ ಸ್ಥಾಯಿಗಳನ್ನೂ ಮರೆಮಾಡುತ್ತದೆ. ಭಾಷೆಯಲ್ಲಿ ಸ್ವರಗಳು ಬಲಿಷ್ಠ. ಪದಕ್ಕೂ ಪದಕ್ಕೂ ಭೇದವನ್ನು ಕಲ್ಪಿಸುವ ವ್ಯಂಜನಗಳು ದುರ್ಬಲವೂ ತಾರಸ್ಥಾಯಿಯವೂ ಆಗಿರುವುದರಿಂದ, ಮೊದಲು ಅಳಿದುಹೋಗುವುವು ಅವೇ. ದೀರ್ಘಕಾಲದ ಶಬ್ದಾಘಾತದಿಂದ ಕಿವಿಯು ಕೆಡಲಾರಂಭಿಸಿದಾಗಲೂ ಮೊದಲು ನಷ್ಟವಾಗುವುದು ಸುಮಾರು ೪,೦೦೦ ಹರ್ಟ್ಸಿನ ಸುತ್ತಣ ಗ್ರಹಣಶಕ್ತಿಯೇ. ಅಮೆರಿಕಾದ ಔದ್ಯೋಗಿಕ ಆರೋಗ್ಯಸಂಸ್ಥೆಯು ೮೫ ಡೆಸಿಬೆಲ್ಲಿನ ಶಬ್ದದಲ್ಲಿ ದಿನಕ್ಕೆ ೮ ಗಂಟೆಗಳಿಗಿಂತ ಹೆಚ್ಚಾಗಿ ಇರಕೂಡದೆಂದೂ, ಪ್ರತಿ ೩ ಡೆಸಿಬೆಲ್ಲಿಗೆ ಆ ಕಾಲವನ್ನು ಅರ್ಧಕ್ಕೆ ಇಳಿಸಬೇಕೆಂದೂ ವಿಧಿಸಿದೆ. ಈ ಲೆಕ್ಕದಂತೆ ೯೪ ಡೆಸಿಬೆಲ್ಲಿನಲ್ಲಿ ೧ ಗಂಟೆ ಮಾತ್ರ ಇರಬಹುದು. ಸಣ್ಣ ವಿಮಾನಗಳ ಕಾಕ್‌ಪಿಟ್ಟಿನಲ್ಲಿ ಶಬ್ದವು ೯೦ ಡೆಸಿಬೆಲ್ಲನ್ನು ಮೀರುವುದು ಅಪರೂಪವಲ್ಲವಾದುದರಿಂದ, ಕಿವಿಯ ರಕ್ಷಣೆಯು ಸುಖದ ಮಾತಲ್ಲ, ವೃತ್ತಿಯ ಅಳಿವು ಉಳಿವುಗಳ ಮಾತು.

೩. ಶಬ್ದದಿಂದ ಶಬ್ದದ ಶಮನ

ಬಟ್ಟಲಿಗೆ ಬಗ್ಗದ ಮಂದ್ರಶಬ್ದವನ್ನು ಮತ್ತೊಂದು ಶಬ್ದದಿಂದಲೇ ಶಮನಗೊಳಿಸಬಹುದೆಂಬ ಕಲ್ಪನೆಯು ಜರ್ಮನಿಯ ಪೌಲ್ ಲ್ಯೂಗ್ ಎಂಬ ವಿಜ್ಞಾನಿಯದು. ಇವರು ೧೯೩೩ರಲ್ಲಿ ತಮ್ಮ ದೇಶದಲ್ಲಿ ಪೇಟೆಂಟಿಗಾಗಿ ಅರ್ಜಿಯನ್ನು ಹಾಕಿದರು. ಅಮೆರಿಕಾದ ಪೇಟೆಂಟು ೧೯೩೬ರಲ್ಲಿ ದೊರೆಯಿತು. ಶಬ್ದತರಂಗದ ಉಬ್ಬಿಗೆ ಸರಿಯಾಗಿ ತಗ್ಗನ್ನೂ, ತಗ್ಗಿಗೆ ಸರಿಯಾಗಿ ಉಬ್ಬನ್ನೂ ಎದುರು ನಿಲ್ಲಿಸಿದರೆ ಎರಡೂ ಅಡಗುವುವೆಂಬುದೇ ಇದರ ತತ್ತ್ವ. ಶಬ್ದವು ವೀಚೀತರಂಗನ್ಯಾಯದಿಂದ ಹರಡುವುದೆಂದು ನಮ್ಮ ನೈಯಾಯಿಕರು ಹೇಳಿರುವುದು ಇಲ್ಲಿ ನೆನಪಿಗೆ ಬರುವುದು ಸಹಜ. ಆದರೆ ಅವರು ಹೇಳಿದ್ದು ಶಬ್ದದ ಪ್ರಸಾರವನ್ನು ಮಾತ್ರ. ತರಂಗಗಳ ಪರಸ್ಪರ ವಿನಾಶವನ್ನಲ್ಲ. ಸಾದೃಶ್ಯವನ್ನು ಕಂಡು ಯಂತ್ರವೇ ಪ್ರಾಚೀನರಿಗೆ ತಿಳಿದಿತ್ತೆಂದು ವಾದಿಸುವುದು ಶಾಸ್ತ್ರಕ್ಕೂ ಚರಿತ್ರೆಗೂ ಸಲ್ಲದು.

ಲ್ಯೂಗರ ಕಾಲದ ವಿದ್ಯುದುಪಕರಣಗಳು ಈ ತತ್ತ್ವವನ್ನು ಕಾರ್ಯಕ್ಕೆ ತರಲು ಸಮರ್ಥವಾಗಿರಲಿಲ್ಲ. ೧೯೫೩ರಲ್ಲಿ ಅಮೆರಿಕಾದ ಹ್ಯಾರಿ ಓಲ್ಸನ್, ಎವರೆಟ್ ಮೇ ಎಂಬವರು ಮೈಕ್ರೋಫೋನನ್ನೂ ಸ್ಪೀಕರನ್ನೂ ಹತ್ತಿರ ಹತ್ತಿರವಿಟ್ಟು ಅಲ್ಪಪ್ರದೇಶದಲ್ಲಿ ಶಬ್ದವನ್ನು ತಗ್ಗಿಸುವ ಸಾಧನವನ್ನು ವರ್ಣಿಸಿದರು. ಅದೇ ದಶಕದಲ್ಲಿ ಲಾರೆನ್ಸ್ ಫೋಗೆಲ್ ಎಂಬವರು ವಿಮಾನ, ಹೆಲಿಕಾಪ್ಟರುಗಳ ಚಾಲಕರ ಕಿವಿಗೆ ಇದನ್ನು ಅನ್ವಯಿಸುವ ಯೋಜನೆಗಳನ್ನು ಪೇಟೆಂಟು ಮಾಡಿಸಿದರು.

ಕಲ್ಪನೆಯನ್ನು ಅಂಗಡಿಯ ವಸ್ತುವನ್ನಾಗಿ ಮಾಡಿದವರಲ್ಲಿ ಅಮರ ಬೋಸರ ಹೆಸರು ಮುಖ್ಯವಾದುದು. ಇವರ ತಂದೆ ನೋನಿ ಗೋಪಾಲ ಬೋಸರು ಬ್ರಿಟಿಷರ ಆಳ್ವಿಕೆಯ ವಿರುದ್ಧ ಹೋರಾಡಿ, ೧೯೨೦ರಲ್ಲಿ ಕಲ್ಕತ್ತೆಯನ್ನು ಬಿಟ್ಟು ಅಮೆರಿಕಾಕ್ಕೆ ಹೋದವರು. ಅಧ್ಯಾಪಕರಾಗಿದ್ದ ಅಮರ ಬೋಸರು ೧೯೭೮ರಲ್ಲಿ ಯೂರೋಪಿನಿಂದ ಬಾಸ್ಟನ್ನಿಗೆ ಹಿಂದಿರುಗುವಾಗ, ವಿಮಾನದಲ್ಲಿ ಕೊಟ್ಟ ಹೆಡ್‌ಫೋನಿನ ಸಂಗೀತವು ಎಂಜಿನ್ನಿನ ಸದ್ದಿನಲ್ಲಿ ಮುಳುಗಿಹೋದುದನ್ನು ಕಂಡು, ಇಳಿಯುವುದರೊಳಗೆ ಪರಿಹಾರದ ಗಣಿತವನ್ನು ಬರೆದರೆಂಬುದು ಪ್ರಸಿದ್ಧ. ಬಟ್ಟಲಿನ ಒಳಗಡೆಯೇ ಸಣ್ಣ ಮೈಕ್ರೋಫೋನನ್ನಿಟ್ಟು, ಅಲ್ಲಿ ಉಳಿದ ಶಬ್ದವನ್ನು ಬರಬೇಕಾದ ಮಾತಿನೊಡನೆ ಹೋಲಿಸಿ, ಹೆಚ್ಚಾದುದನ್ನು ಪ್ರತಿತರಂಗದಿಂದ ಅಡಗಿಸುವುದು ಅವರ ಕ್ರಮ. ೧೯೮೬ನೆಯ ಡಿಸೆಂಬರಿನಲ್ಲಿ ಡಿಕ್ ರೂಟಾನ್, ಜೀನಾ ಯೇಗರ್ ಎಂಬ ಇಬ್ಬರು ವಾಯೇಜರ್ ವಿಮಾನದಲ್ಲಿ ಎಲ್ಲಿಯೂ ಇಳಿಯದೆ, ಇಂಧನವನ್ನು ತುಂಬಿಸಿಕೊಳ್ಳದೆ ೯ ದಿನಗಳಲ್ಲಿ ಭೂಪ್ರದಕ್ಷಿಣೆಯನ್ನು ಮಾಡಿದಾಗ ಧರಿಸಿದ್ದು ಇಂಥ ಪ್ರಯೋಗಾವಸ್ಥೆಯ ಹೆಡ್‌ಸೆಟ್ಟುಗಳನ್ನು. ೧೯೮೯ರಲ್ಲಿ ಅದು ಮಾರಾಟಕ್ಕೆ ಬಂದಿತು.

ಈ ಸಕ್ರಿಯ ನಿವಾರಣಕ್ಕೂ ಮಿತಿಯುಂಟು. ೮೦ ಹರ್ಟ್ಸಿನ ತರಂಗದ ಉದ್ದವು ೪ ಮೀಟರುಗಳಿಗೂ ಹೆಚ್ಚು. ಬಟ್ಟಲೊಳಗಿನ ಅಂಗುಲದ ಅಂತರವು ಅದಕ್ಕೆ ಲೆಕ್ಕವಿಲ್ಲ. ೪,೦೦೦ ಹರ್ಟ್ಸಿನ ತರಂಗವಾದರೋ ೯ ಸೆಂಟಿಮೀಟರನ್ನೂ ಮುಟ್ಟುವುದಿಲ್ಲ. ಅಲ್ಲಿ ಉಬ್ಬುತಗ್ಗುಗಳನ್ನು ಸರಿಯಾಗಿ ಎದುರಿಸುವುದು ಕಷ್ಟ. ಆದುದರಿಂದ ಮಂದ್ರಕ್ಕೆ ಸಕ್ರಿಯ, ತಾರಕ್ಕೆ ನಿಷ್ಕ್ರಿಯ, ಹೀಗೆ ಎರಡೂ ಪರಸ್ಪರ ಪೂರಕವಾಗಿವೆಯೇ ಹೊರತು ಒಂದು ಮತ್ತೊಂದರ ಸ್ಥಾನವನ್ನು ಆಕ್ರಮಿಸಲಾರದು.

೪. ಆಡುವವನ ಪಕ್ಷ

ಇದುವರೆಗೆ ಹೇಳಿದ್ದು ಕೇಳುವವನ ಪಕ್ಷ. ಆಡುವವನ ಪಕ್ಷದಲ್ಲಿ ಶಬ್ದನಿವಾರಕ ಮೈಕ್ರೋಫೋನು ಬೇರೊಂದು ವಸ್ತು. ಇದರ ತೆರವು ಎರಡು ಕಡೆಗೂ ಇರುವುದು. ದೂರದ ಎಂಜಿನ್ನಿನ ಸದ್ದು ಎರಡು ಕಡೆಗಳಿಂದಲೂ ಸಮವಾಗಿ ಒತ್ತಿ ತನ್ನನ್ನು ತಾನೇ ಕಳೆದುಕೊಳ್ಳುತ್ತದೆ. ತುಟಿಯ ಮಾತು ಒಂದು ಕಡೆಗೆ ಮಾತ್ರ ಬಲವಾಗಿ ತಾಕಿ ಉಳಿಯುತ್ತದೆ. ತುಟಿಯಿಂದ ದೂರವಿಟ್ಟರೆ ಈ ಗುಣವು ನಷ್ಟವಾಗುವುದು. ಒಂದೇ ಹೆಸರಿನ ಈ ಎರಡು ನಿವಾರಣಗಳನ್ನು ಒಂದೆಂದು ಭ್ರಮಿಸುವವರು ಅನೇಕರು.

ಯಂತ್ರವೊಂದರಿಂದಲೇ ಕೆಲಸವು ಪೂರೈಸಲಾರದೆಂದು ತಿಳಿದು ಭಾಷೆಯನ್ನೂ ತಿದ್ದಿಕೊಂಡದ್ದು ಭಾಷಾಧ್ಯಾಪಕರಿಗೆ ಸ್ವಾರಸ್ಯವಾದ ವಿಷಯ. ಬಿ, ಡಿ, ಪಿ, ಟಿ ಎಂಬ ಅಕ್ಷರನಾಮಗಳು ಒಂದೇ ಸ್ವರದಲ್ಲಿ ಮುಗಿಯುವುದರಿಂದ ವ್ಯಂಜನವು ಮರೆಯಾದರೆ ಭೇದವೇ ಉಳಿಯದು. ಆದುದರಿಂದ ಆಲ್ಫಾ, ಬ್ರಾವೋ ಮುಂತಾದ ಪದಗಳ ವರ್ಣಮಾಲೆಯು ೧೯೫೬ರಲ್ಲಿ ಅಂತಾರಾಷ್ಟ್ರೀಯವಾಗಿ ಜಾರಿಗೆ ಬಂದಿತು. ಫೈವ್, ನೈನ್ ಎಂಬ ಅಂಕೆಗಳು ಒಂದಕ್ಕೊಂದು ಬೆರೆಯದಂತೆ ನೈನ್ ಎಂಬುದನ್ನು ನೈನರ್ ಎಂದು ಉಚ್ಚರಿಸುವ ನಿಯಮವೂ ಏರ್ಪಟ್ಟಿತು.

ಇಷ್ಟಾದರೂ ೧೯೭೭ನೆಯ ಮಾರ್ಚ್ ೨೭ರಂದು ಟೆನೆರಿಫ್ ದ್ವೀಪದ ರನ್‌ವೇಯಲ್ಲಿ ಎರಡು ದೊಡ್ಡ ವಿಮಾನಗಳು ಢಿಕ್ಕಿಹೊಡೆದು ೫೮೩ ಜನರು ಮೃತರಾದರು. ಮಂಜಿನಲ್ಲಿ ಒಂದು ವಿಮಾನವು ಇನ್ನೂ ರನ್‌ವೇಯಲ್ಲಿಯೇ ಇದೆಯೆಂಬ ಮಾತೂ, ಕಾದಿರಬೇಕೆಂಬ ನಿಯಂತ್ರಕನ ಮಾತೂ ಒಂದೇ ಕ್ಷಣದಲ್ಲಿ ಹೊರಟು, ಮತ್ತೊಂದು ವಿಮಾನದ ಚಾಲಕರಿಗೆ ಕರ್ಕಶವಾದ ಕೂಗಾಗಿ ಕೇಳಿಸಿದುದು ಅದರ ಕಾರಣಗಳಲ್ಲಿ ಒಂದು. ರೇಡಿಯೋ ತರಂಗದಲ್ಲಿಯೇ ಹುಟ್ಟಿದ ಆ ದೋಷವನ್ನು ಯಾವ ಹೆಡ್‌ಸೆಟ್ಟೂ ಪರಿಹರಿಸುತ್ತಿರಲಿಲ್ಲವೆಂಬುದು ನಿಜ. ಆದರೆ ಧ್ವನಿಯಿಂದ ಮುಚ್ಚಿಹೋದ ಒಂದು ವಾಕ್ಯದ ಬೆಲೆಯೆಷ್ಟೆಂಬುದಕ್ಕೆ ಇದಕ್ಕಿಂತ ಘೋರವಾದ ಸಾಕ್ಷ್ಯವಿಲ್ಲ.

೫. ಆಯ್ಕೆಯ ವಿಚಾರ

ಇನ್ನು ಪೂರ್ವಪಕ್ಷದ ಪರೀಕ್ಷೆ. ೨೦೦೭ರಲ್ಲಿ ಅಮೆರಿಕಾದ ವಿಮಾನಯಾನಾಡಳಿತವು, ಶಬ್ದನಿವಾರಕ ಹೆಡ್‌ಸೆಟ್ಟುಗಳನ್ನು ಧರಿಸಿದವರಿಗೆ ಎಚ್ಚರಿಕೆಯ ಧ್ವನಿಗಳೂ ಯಂತ್ರದ ಅಸಹಜ ಶಬ್ದಗಳೂ ಕೇಳಿಸದೆ ಹೋಗಬಹುದೆಂದು ತಿಳಿಸಿತು. ವೈದ್ಯನು ನಾಡಿಯನ್ನು ಹಿಡಿಯುವಂತೆ ಚಾಲಕನು ಎಂಜಿನ್ನಿನ ಸದ್ದನ್ನು ಹಿಡಿದಿರುತ್ತಾನೆ. ಅದು ಪೂರ್ತಿಯಾಗಿ ಅಡಗಿದರೆ ರೋಗವು ತಿಳಿಯುವುದು ತಡವಾಗುತ್ತದೆ. ಬೋಸ್ ಕಂಪನಿಯು ೨೦೨೩ರಲ್ಲಿ ಹೊರತಂದ ಎ೩೦ ಎಂಬ ಹೆಡ್‌ಸೆಟ್ಟಿನಲ್ಲಿ ನಿವಾರಣದ ಪ್ರಮಾಣವನ್ನು ಚಾಲಕನೇ ಮೂರು ಹಂತಗಳಲ್ಲಿ ಬದಲಾಯಿಸಿಕೊಳ್ಳುವ ಏರ್ಪಾಡಿರುವುದು ಗಮನಾರ್ಹ. ನಿಶ್ಶಬ್ದವೇ ಪರಮಪ್ರಯೋಜನವಾಗಿದ್ದರೆ ಕಡಮೆಯ ಹಂತಕ್ಕೆ ಅರ್ಥವೇ ಇರುತ್ತಿರಲಿಲ್ಲ.

ಆದುದರಿಂದ ಆಯ್ಕೆಯ ಕ್ರಮವು ಹೀಗಿರಬೇಕೆಂದು ಚರಿತ್ರೆಯಿಂದ ಸಿದ್ಧವಾಗುತ್ತದೆ. ಮೊದಲು ಬಟ್ಟಲು ತಲೆಗೆ ಹೊಂದುವುದೋ ಎಂದು ನೋಡತಕ್ಕುದು. ಕನ್ನಡಕದ ಕಡ್ಡಿಯ ಪಕ್ಕದ ಸಣ್ಣ ಸಂದಿನಿಂದಲೂ ಮಂದ್ರಶಬ್ದವು ಒಳನುಗ್ಗುವುದರಿಂದ, ನಿತ್ಯವೂ ಧರಿಸುವ ಕನ್ನಡಕದೊಡನೆಯೇ ಪರೀಕ್ಷಿಸಬೇಕು. ಎರಡನೆಯದಾಗಿ, ವಿದ್ಯುತ್ತನ್ನು ನಿಲ್ಲಿಸಿ ಬಟ್ಟಲಿನ ಸ್ವಂತ ಬಲವೆಷ್ಟೆಂದು ತಿಳಿಯಬೇಕು. ಬ್ಯಾಟರಿಯು ಆಕಾಶದಲ್ಲಿ ಮುಗಿದಾಗ ಉಳಿಯುವುದು ಅದೊಂದೇ, ಮಾತು ಆಗಲೂ ಕೇಳಿಸುತ್ತಿರಬೇಕು. ಮೂರನೆಯದಾಗಿ, ಸಕ್ರಿಯ ನಿವಾರಣವನ್ನು ಆ ವಿಮಾನದಲ್ಲಿಯೇ ಹಾರಿ ಪರೀಕ್ಷಿಸತಕ್ಕುದು. ಅಂಗಡಿಯ ಮೌನದಲ್ಲಿ ಎಲ್ಲವೂ ಸಮರ್ಥವಾಗಿಯೇ ತೋರುತ್ತವೆ. ನಾಲ್ಕನೆಯದು ಮೈಕ್ರೋಫೋನು, ಅದರ ಗುಣವನ್ನು ಧರಿಸಿದವನಲ್ಲ, ನೆಲದಲ್ಲಿ ಕೇಳುವವನು ಹೇಳಬೇಕು. ಐದನೆಯದು ಭಾರವೂ ಒತ್ತಡವೂ. ಮೂರು ಗಂಟೆಯ ಹಾರಾಟದಲ್ಲಿ ತಲೆನೋವನ್ನು ತಂದು, ತೆಗೆದಿಡುವಂತಾಗುವ ಹೆಡ್‌ಸೆಟ್ಟು ಯಾವ ಕಿವಿಯನ್ನೂ ರಕ್ಷಿಸದು. ಸಾಮಾನ್ಯ ವಿಮಾನಗಳಿಗೆ ಎರಡು ಪ್ಲಗ್ಗುಗಳೂ ಹೆಲಿಕಾಪ್ಟರುಗಳಿಗೆ ಒಂದೇ ಪ್ಲಗ್ಗೂ ರೂಢಿಯಲ್ಲಿರುವುದರಿಂದ, ಕೊಳ್ಳುವ ಮೊದಲೇ ಅದನ್ನು ವಿಚಾರಿಸಬೇಕು. ಟೆಲಿಫೋನು, ಸಂಗೀತ ಮೊದಲಾದುವುಗಳ ಸೌಕರ್ಯವು ಇವೆಲ್ಲಕ್ಕೂ ಕೊನೆಯದು.

ಗಾಸ್ಪೋರ್ಟಿನ ಕೊಳವೆಯಿಂದ ಇಂದಿನ ಹೆಡ್‌ಸೆಟ್ಟಿನ ವರೆಗೆ ಒಂದು ನೂರು ವರ್ಷಗಳ ಈ ಪ್ರಯತ್ನದಲ್ಲಿ ಯಶಸ್ಸನ್ನು ಪಡೆದುವು ವರ್ಣವನ್ನು ಉಳಿಸಿಕೊಟ್ಟ ಉಪಾಯಗಳು. ವರ್ಣವನ್ನು ಮರೆತು ಧ್ವನಿಯೊಡನೆ ಮಾತ್ರ ಸೆಣಸಿದುವು ಕಾಲಕ್ರಮದಲ್ಲಿ ಹಿಂದೆ ಬಿದ್ದುವು. ಹಾಲನ್ನೂ ನೀರನ್ನೂ ಬೇರ್ಪಡಿಸಬಲ್ಲ ಹಂಸಕ್ಕೆ ಪಾತ್ರೆಯನ್ನು ಬರಿದುಮಾಡುವುದು ಹಿರಿಮೆಯಲ್ಲ. ಕಿವಿಯನ್ನು ಬರಿದುಮಾಡುವ ಹೆಡ್‌ಸೆಟ್ಟಿಗಿಂತ, ಕೇಳಬೇಕಾದುದನ್ನು ಕೇಳಿಸಿ ಉಳಿದುದನ್ನು ತಗ್ಗಿಸುವ ಹೆಡ್‌ಸೆಟ್ಟೇ ಚಾಲಕನಿಗೂ ಅವನನ್ನು ನಂಬಿ ಹಿಂದೆ ಕುಳಿತವರಿಗೂ ಹಿತವೆಂಬುದು ಸಿದ್ಧಾಂತ.